ಕ್ರೇನಿನವನ ಷರತ್ತು

ಬಂದರಿನಲ್ಲಿ ಇಪ್ಪತ್ತಾರು ವರ್ಷ ಕ್ರೇನು ಓಡಿಸಿದವನಿಗೆ ಕೆಳಗಿನವರು ಇಟ್ಟ ಹೆಸರು ಅಶರೀರವಾಣಿ. ಆಳು ಕಾಣುತ್ತಿರಲಿಲ್ಲ, ಮೇಲಿನ ಗಾಜಿನ ಗೂಡಿನಿಂದ ವಾಕಿಟಾಕಿಯಲ್ಲಿ ಮಾತು ಮಾತ್ರ ಉದುರುತ್ತಿತ್ತು. ಬೈಗುಳ, ತಮಾಷೆ, ಹೆಂಡತಿಯ ಮೇಲಿನ ದೂರು, ಎಲ್ಲವೂ. ಅಂಥ ಬಾಯಾಳಿಯ ನಾಲಿಗೆಯ ಬುಡದಲ್ಲೇ ಕ್ಯಾನ್ಸರ್ ಗಂಟು ಬಂದು ಕೂರಬೇಕೇ? ಎಂಥ ಅನ್ಯಾಯ!

ಡಾಕ್ಟರಮ್ಮ ಬಿಡಿಸಿ ಹೇಳಿದರು. ಕತ್ತು ಕೊಯ್ಯುವುದಿಲ್ಲ, ಬಾಯಿಯ ಮೂಲಕವೇ ರೋಬೋಟಿನ ತೆಳು ಕೈಗಳು ಇಳಿಯುತ್ತವೆ. ತಾವು ಕೋಣೆಯ ಮೂಲೆಯಲ್ಲಿ ಕೂತು ಆ ಕೈಗಳನ್ನು ಆಡಿಸುತ್ತಾರೆ. ನಾಲ್ಕು ಗಂಟೆಯ ಕೆಲಸ.

"ಓಹೋ, ನೀವೂ ನಮ್ಮ ಕಸುಬಿನವರೇ ಬಿಡಿ. ದೂರ ಕೂತು ಕೋಲು ಆಡಿಸೋರು" ಎಂದು ನಕ್ಕ.

ಡಾಕ್ಟರಮ್ಮ ನಗಲಿಲ್ಲ. "ಸ್ಕ್ಯಾನಲ್ಲಿ ಒಂದು ಕಡೆ ಗಂಟಿನ ಅಂಚು ಸರಿಯಾಗಿ ಕಾಣ್ತಿಲ್ಲ. ಗಂಟಲ ಪೆಟ್ಟಿಗೆವರೆಗೂ ಹೋಗಿದ್ರೆ ರೋಬೋಟಿಂದ ಆಗಲ್ಲ. ಕತ್ತು ಕೊಯ್ದು ಪೆಟ್ಟಿಗೆನೇ ತೆಗೀಬೇಕು, ಧ್ವನಿ ಹೋಗುತ್ತೆ. ಹಾಗಿದ್ರೆ ಅವತ್ತೇ ಮುಗಿಸೋಕೆ ಒಪ್ಪಿಗೆ ಕೊಡ್ತೀರಾ? ತಡ ಮಾಡಿದಷ್ಟೂ ಅದು ಬೆಳೀತಾ ಹೋಗುತ್ತೆ."

ಕ್ರೇನಿನವರದ್ದು ಒಂದು ಹಟ. ಹೊರೆ ಮೇಲೆದ್ದ ಮೇಲೆ ಯೋಜನೆ ಬದಲಿಸುವಂತಿಲ್ಲ. ಬದಲಿಸಬೇಕೆನಿಸಿದರೆ ಕೆಳಗಿಳಿಸಬೇಕು, ಎಲ್ಲರನ್ನೂ ಕೇಳಬೇಕು, ಮತ್ತೆ ಎತ್ತಬೇಕು. ಅದನ್ನು ಪಾಲಿಸಿದ್ದರಿಂದಲೇ ಅವನ ಕ್ರೇನಿನಡಿ ಒಬ್ಬನಿಗೂ ಪೆಟ್ಟಾಗಿರಲಿಲ್ಲ.

"ಆಗಲ್ಲ ಅನ್ಸಿದ್ರೆ ಏನೂ ಮುಟ್ಟಬೇಡಿ. ಎಬ್ಬಿಸಿ, ನನ್ನ ಕೇಳಿ" ಎಂದ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಈ ಷರತ್ತು ಬೇಡವೆಂದು ಕಣ್ಣಲ್ಲೇ ಹೇಳಿದಳು. ಕೇಳಿದರೆ ತಾನೇ? ಹಾಗೆಯೇ ಬರೆದು ಸಹಿ ಹಾಕಿದ. ಕಬ್ಬಿಣಕ್ಕೆ ಸರಿಯಾದ ನಿಯಮ ಮಾಂಸಕ್ಕೂ ಸರಿ ಎಂದುಕೊಂಡ, ಪಾಪ. ಇಳಿಸಿಟ್ಟ ಕಂಟೇನರು ಇದ್ದಲ್ಲೇ ಇರುತ್ತದೆ, ಈ ಗಂಟು ಹಾಗಿರುವುದಿಲ್ಲ.

ಆಪರೇಷನ್ನಿನ ದಿನ ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಒಯ್ದರು. ಪ್ಲಾಸ್ಟಿಕ್ ಹೊದ್ದು, ಕೈಗಳನ್ನು ಮಡಚಿಕೊಂಡು ಯಂತ್ರ ಕಾಯುತ್ತಿತ್ತು. ಎತ್ತುವ ಯಂತ್ರದ ಕೆಳಗೆ ತಾನೇ ಮಲಗುವುದು ಅವನಿಗೆ ಇದೇ ಮೊದಲು. ಅಷ್ಟರಲ್ಲಿ ಮುಖಕ್ಕೆ ಅರಿವಳಿಕೆಯ ಮುಸುಕು ಬಂತು.

ಎಚ್ಚರವಾದಾಗ ಹೆಂಡತಿ ಪಕ್ಕದಲ್ಲಿದ್ದಳು.

"ನೀರು" ಎಂದ. ಅದೇ ದಪ್ಪ ಧ್ವನಿ, ಕೊಂಚ ಗೊಗ್ಗರು, ಅಷ್ಟೇ.

"ಅಯ್ಯೋ, ಮಾತಾಡ್ತಿದೀರಲ್ಲ! ಧ್ವನಿ ಹಾಗೇ ಇದೆ ಕಣ್ರೀ!" ಅವಳು ಅಳುತ್ತಾ ನಗುತ್ತಾ ಮಗಳಿಗೆ ಫೋನು ಹಚ್ಚಿದಳು. "ತಗೊಳ್ಳೇ, ನಿಮ್ಮಪ್ಪನ ಹತ್ರ ಮಾತಾಡು."

ಅವನು ಗೋಡೆಯ ಗಡಿಯಾರ ನೋಡುತ್ತಿದ್ದ. ಬೆಳಗಿನ ಹತ್ತು ಗಂಟೆ ಹತ್ತು ನಿಮಿಷ. ಬಾಗಿಲಲ್ಲಿ ಡಾಕ್ಟರಮ್ಮ ನಿಂತಿದ್ದರು, ಕೈಯಲ್ಲಿ ಹೊಸದೊಂದು ಒಪ್ಪಿಗೆ ಪತ್ರ.

"ಅಪ್ಪಾ, ಎಲ್ಲಾ ತೆಗೆದ್ರಾ?" ಎಂದಳು ಮಗಳು.

"ಏನೂ ತೆಗೀಲಿಲ್ಲ ಮಗಳೇ" ಎಂದ. ಪ್ರತಿ ಅಕ್ಷರವೂ ಸ್ಪಷ್ಟವಾಗಿತ್ತು. ಹೆಂಡತಿಯ ನಗು ಅಲ್ಲೇ ನಿಂತಿತು.