ಸುಮಾಳ ಸಾಸಿಗೆ ನಾನು ಹಾಕಿದ ಉಪ್ಪು

ಆ ಸಾಸಿಗೆ ಎರಡನೇ ಸಲ ಉಪ್ಪು ಹಾಕಿದವಳು ನಾನು. ಕೈತಪ್ಪಿ ಅಲ್ಲ, ಮರೆತೂ ಅಲ್ಲ — ಬೇಕೆಂದೇ, ಎರಡು ಚಮಚ ತುಂಬ. ಹನ್ನೊಂದು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ಆಗ ನಾನೂ ನನ್ನ ತಂಗಿ ಸುಮಾಳೂ ಪುಟ್ಟೇನಹಳ್ಳಿಯಲ್ಲಿ ಅಪ್ಪನ ಜೊತೆಗಿದ್ದೆವು. ಮನೆಯ ಮುಂದೆ, ರಸ್ತೆಗೆ ಮುಖ ಮಾಡಿದ ಅಂಗಡಿ ಕೋಣೆಯೊಂದು ಖಾಲಿಯಿತ್ತು. ಅಲ್ಲಿ ಎಂಚಿಲಾಡಾ ಮಾರುತ್ತೇನೆಂದು ಸುಮಾ ಹಟ ಹಿಡಿದಿದ್ದಳು. ಮೆಕ್ಸಿಕೋ ಕಡೆಯ ತಿಂಡಿ, ಫೋನಿನಲ್ಲಿ ನೋಡಿ ಕಲಿತದ್ದು. ಮೆಕ್ಕೆಜೋಳದ ರೊಟ್ಟಿ ಸುತ್ತುವಾಗಲೆಲ್ಲ ಸೀಳಿಹೋಗುತ್ತಿತ್ತು. ತಿಂಗಳುಗಟ್ಟಲೆ ಹೆಣಗಿ, ಹಿಟ್ಟಿಗೆ ಒಂದಿಷ್ಟು ಮೈದಾ ಬೆರೆಸಿ, ರೊಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಅದ್ದಿ ತೆಗೆದರೆ ಬಾಗುತ್ತದೆಂದು ತಾನೇ ಕಂಡುಕೊಂಡಳು. ಒಳಗೆ ತುರಿದ ಚೀಸ್, ಈರುಳ್ಳಿ. ಮೇಲೆ ಬ್ಯಾಡಗಿ ಮೆಣಸಿನಕಾಯಿ, ಟೊಮೆಟೊ ಬೇಯಿಸಿ ರುಬ್ಬಿದ ಸಾಸ್. ಅದರ ಮೇಲೆ ಮತ್ತೆ ಚೀಸ್. ನಿಜವಾಗಿಯೂ ರುಚಿಯಾಗಿತ್ತು — ಅದನ್ನೇ ನನಗೆ ಸಹಿಸಲಾಗಲಿಲ್ಲ.

ಅಮ್ಮ ಹೋದ ಮೇಲೆ ಅಡುಗೆಮನೆ ನನ್ನದಾಗಿತ್ತು. ಬಂದವರೆಲ್ಲ ನನ್ನ ಕೈರುಚಿ ಹೊಗಳುತ್ತಿದ್ದರು. ನೆಟ್ಟಗೆ ಒಂದು ಸಾರು ಮಾಡಲು ಬಾರದ ಇವಳು —

"ಮೊದ್ಲು ತಿಂದು ನೋಡ್ತೀನಿ, ಆಮೇಲೆ ಕೋಣೆ ಮಾತು" ಎಂದಿದ್ದರು ಅಪ್ಪ. ಆ ಭಾನುವಾರ ಸಾಸನ್ನು ಒಲೆಯ ಮೇಲೆ ಬಿಟ್ಟು ಸುಮಾ ಸ್ನಾನಕ್ಕೆ ಹೋದಳು. ನಾನು ಉಪ್ಪಿನ ಡಬ್ಬಿ ತೆರೆದೆ.

ಅಪ್ಪ ಒಂದು ತುತ್ತು ತಿಂದು ನೀರು ಕುಡಿದರು. "ಇದನ್ನ ಯಾರಮ್ಮ ಕಾಸು ಕೊಟ್ಟು ತಿಂತಾರೆ?"

ಸುಮಾ ತಾನೂ ಬಾಯಿಗೆ ಹಾಕಿಕೊಂಡಳು. "ನಾನೇ ಎರಡ್ ಸಲ ಹಾಕ್ಬಿಟ್ನೇನೋ" ಎಂದಳು, ಮೆಲ್ಲಗೆ. ನಾನು ಅಪ್ಪನಿಗೆ ಮಜ್ಜಿಗೆ ತಂದುಕೊಟ್ಟೆ.

ಕೋಣೆ ಒಬ್ಬ ದರ್ಜಿಗೆ ಬಾಡಿಗೆಗೆ ಹೋಯಿತು. ಸುಮಾ ಹೆಬ್ಬಾಳದಲ್ಲಿ ಆಫೀಸು ಕೆಲಸಕ್ಕೆ ಸೇರಿದಳು. ಮದುವೆಯಾಯಿತು, ಮಗಳು ಹುಟ್ಟಿದಳು.

ಹೋದ ತಿಂಗಳು ಕೆಂಪಾಪುರದ ಅವಳ ಮನೆಗೆ ಹೋಗಿದ್ದೆ. ಎಷ್ಟೋ ವರ್ಷದ ಮೇಲೆ, ಮಗಳು ಕೇಳಿದಳೆಂದು, ಅದೇ ಎಂಚಿಲಾಡಾ ಮಾಡುತ್ತಿದ್ದಳು. ಚಮಚದಲ್ಲಿ ಸಾಸ್ ತಂದು ನನ್ನ ಮುಂದೆ ಹಿಡಿದಳು.

"ಅಕ್ಕ, ಉಪ್ಪು ನೋಡು. ಅವತ್ತಿಂದ ನಂಗೆ ನನ್ನ ನಾಲಿಗೆ ಮೇಲೇ ನಂಬಿಕೆ ಇಲ್ಲ. ದಿನಾ ನಮ್ಮನೆಯವ್ರ ಹತ್ರಾನೇ ನೋಡ್ಸೋದು."

ದಿನಾ — ಹನ್ನೊಂದು ವರ್ಷ. ಹೋದದ್ದು ಒಂದು ಅಂಗಡಿ ಮಾತ್ರ ಎಂದುಕೊಂಡಿದ್ದೆ. ಅಲ್ಲೇ, ನಿಂತಲ್ಲೇ ಹೇಳಿಬಿಟ್ಟೆ.

ಅವಳು ಒಲೆ ಆರಿಸಿದಳು. ಕೂಗಲಿಲ್ಲ. "ಹಂಗಾದ್ರೆ ನಾನ್ ಮಾಡಿದ್ದು ಸರೀನೇ ಇತ್ತು" ಎಂದಳು. ಮತ್ತೆ ಅದನ್ನೇ ಹೇಳಿದಳು. ಕಣ್ಣಲ್ಲಿ ನೀರಿತ್ತು, ಆದರೂ ಮುಖ ಹಗುರಾಗುತ್ತಿತ್ತು — ಅದನ್ನು ನಾನು ಕಂಡೆ. ಆಮೇಲೆ ನನ್ನ ಕಡೆ ತಿರುಗಿದಳು. "ಅಪ್ಪಂಗೂ ಹೇಳು. ನೀನೇ ಹೋಗಿ ಹೇಳ್ಬೇಕು."

ಮರುದಿನ ಬೆಳಿಗ್ಗೆಯೇ ಹೋಗಿ ಹೇಳಿದೆ. ಅಪ್ಪ ಪೇಪರ್ ಮಡಿಸಿಟ್ಟರು. ನನ್ನನ್ನು ಬೈಯಲಿಲ್ಲ, ನೋಡಲೂ ಇಲ್ಲ. "ಅವಳಿಗೆ ಫೋನ್ ಮಾಡ್ಕೊಡು" ಎಂದರು.

"ಸುಮಾ, ಇನ್ನೊಂದ್ ಸಲ ಮಾಡು ಅಂತ ನಾನು ಹೇಳ್ಬೇಕಾಗಿತ್ತು ಕಣಮ್ಮ."

ಆ ಕಡೆಯಿಂದ ಅವಳು ಏನೆಂದಳೋ ನನಗೆ ಕೇಳಿಸಲಿಲ್ಲ. ಅಪ್ಪ ಮಾತ್ರ ತಲೆಯಾಡಿಸುತ್ತಾ, "ಹ್ಞೂಂ, ಹ್ಞೂಂ" ಎನ್ನುತ್ತಾ ಬಹಳ ಹೊತ್ತು ಕೂತಿದ್ದರು. ನಾನು ಹೊರಗೆ ಬಂದು ಜಗಲಿಯ ಮೇಲೆ ಕುಳಿತೆ. ಎದೆಯ ಮೇಲಿದ್ದುದು ಇಳಿದಿತ್ತು — ಹಾಗನ್ನಲು ನಾಚಿಕೆಯಾಗುತ್ತದೆ, ಆದರೆ ನಿಜ. ಕ್ಷಮಿಸಿದೆ ಎಂದು ಸುಮಾ ಇನ್ನೂ ಹೇಳಿಲ್ಲ. ನಾನೂ ಕೇಳುವುದಿಲ್ಲ.