ಢಾಲಿನ ಮೇಲಿದ್ದ ಹೆಸರು

ಟ್ರಂಕಿನ ತಳದಲ್ಲಿದ್ದ ತೆಳುಹಾಳೆಯನ್ನು ಬಿಡಿಸಿದಾಗ ಪೆನ್ಸಿಲ್ ಸೀಸದ ಕಪ್ಪು ಬೆರಳಿಗೆ ಹತ್ತಿತು. ಜೊತೆಗೇ ಎಣ್ಣೆ, ಹಿತ್ತಾಳೆ ಪುಡಿಗಳ ವಾಸನೆ... ಸದಾಶಿವ ಪೇಠದ ನಮ್ಮ ವಾಡೆಯ ಬಾಗಿಲ ಪಕ್ಕ ಕೂತು ಪದಕ, ಢಾಲುಗಳ ಮೇಲೆ ಹೆಸರು ಕೆತ್ತುತ್ತಿದ್ದ ಕಾಕಾ ಅವರ ಕೈಯ ವಾಸನೆ ಅದು.

ಧಾರವಾಡದ ಕಡೆಯಿಂದ ಈ ಮರಾಠಿ ಊರಿಗೆ ಬಂದು ನೆಲೆಸಿದವರು. ಕೆತ್ತಿದ ವಸ್ತುವನ್ನು ಗಿರಾಕಿಗೆ ಒಪ್ಪಿಸುವ ಮೊದಲು ಅದರ ಮೇಲೆ ತೆಳುಹಾಳೆ ಹರಡಿ, ಪೆನ್ಸಿಲ್ ಉಜ್ಜಿ ಅಕ್ಷರಗಳ ಅಚ್ಚು ತೆಗೆದು, ಮೂಲೆಯಲ್ಲಿ ತಿಥಿ ಬರೆದಿಡುವುದು ಅವರ ಪದ್ಧತಿ. "ಊರಾಗಿನ ದೊಡ್ಡಸ್ತಿಕಿ ಎಲ್ಲಾ ನನ್ನ ಹಾಸಿಗಿ ಕೆಳಗ ಅದ" ಎಂದು ನಗುತ್ತಿದ್ದರು.

ಅವರ ಹೆಂಡತಿ ನಮ್ಮ ಹೆಣ್ಣುಮಕ್ಕಳ ಶಾಲೆಯ ಮೊದಲ ಶಿಕ್ಷಕಿ, ನಮಗೆಲ್ಲ ಬಾಯಿಯವರು. ಅವರು ತೀರಿಕೊಂಡ ಮರುವರ್ಷ, ಸ್ವಾತಂತ್ರ್ಯಕ್ಕೆ ಕೆಲವೇ ವರ್ಷ ಮುಂಚೆ, ಹಳೆಯ ವಿದ್ಯಾರ್ಥಿನಿಯರು ಸೇರಿ ನಿಬಂಧ ಸ್ಪರ್ಧೆಗೆಂದು ಅವರ ಹೆಸರಿನಲ್ಲಿ ಬಹುಮಾನದ ಹಿತ್ತಾಳೆ ಢಾಲು ಮಾಡಿಸಿದೆವು. ಗಂಡಹೆಂಡಿರು ಪರಸ್ಪರ ಹೆಸರು ಹಿಡಿದು ಕರೆಯದ ಮನೆತನ ಅವರದು. ಒಮ್ಮೆಯೂ ಉಚ್ಚರಿಸದ ಆ ಹೆಸರನ್ನು ಕಾಕಾ ಎಂಟು ದಿನ ಕೂತು ಕೆತ್ತಿದರು.

ಸಮಾರಂಭಕ್ಕೆ ಮೂರು ದಿನವಿರುವಾಗ ಶಾಲೆಯ ಕಾರ್ಯದರ್ಶಿ, ಆಗಲೇ ಒಪ್ಪಿಸಿದ್ದ ಢಾಲನ್ನು ಕಾಕಾ ಬಳಿಗೆ ಮರಳಿ ತಂದರು. ಅಧ್ಯಕ್ಷತೆಗೆ ಬರಲಿದ್ದ ರಾವಬಹಾದ್ದೂರರು ಶಾಲೆಗೆ ಕಟ್ಟಡ ಕಟ್ಟಿಸುವ ಮಾತಾಡಿದ್ದರಂತೆ. ಢಾಲಿಗೆ ಅವರ ಹೆಸರಾಗಬೇಕು, ಗುರುತು ಉಳಿಯದಂತೆ ಹಳೆಯದನ್ನು ಉಜ್ಜಬಲ್ಲವರು ಕೆತ್ತಿದವರೇ ಎಂದು ಮರಾಠಿಯಲ್ಲಿ ಬಹು ನಯವಾಗಿ ಹೇಳಿದರು. ನಾನು ಹೊಸ್ತಿಲಲ್ಲಿದ್ದೆ. ಕಾಕಾ ಉಳಿಯನ್ನು ಕೆಳಗಿಟ್ಟರು. ಗಿರಾಕಿಗಳೊಡನೆ ಸದಾ ಮರಾಠಿಯಾಡುತ್ತಿದ್ದವರು ಅಂದು ಕನ್ನಡದಲ್ಲಿ ಅಂದರು:

"ಬಾಯಿಲೆ ಒಮ್ಮೆನೂ ಅನ್ನಲಿಲ್ಲರೀ, ಕೈಲೆ ಅಂದೀನಿ. ಅದೇ ಕೈಲೆ ಅಳಸು ಅಂತೀರೇನು?"

ಕಾರ್ಯದರ್ಶಿಗೆ ಅರ್ಥವಾಗಲಿಲ್ಲ... ಅಥವಾ ಬೇಕಾಗಲಿಲ್ಲ. ಢಾಲು ಬೇರೆ ಅಂಗಡಿಗೆ ಹೋಯಿತು. ಸಮಾರಂಭದಲ್ಲಿ ಹೊಸ ಹೆಸರಿಗೆ ಚಪ್ಪಾಳೆ ಬಿದ್ದಾಗ, ಕೊನೆಯ ಸಾಲಿನಲ್ಲಿದ್ದ ಕಾಕಾ ಎರಡೂ ಕೈಗಳನ್ನು ಶಲ್ಯದೊಳಗೆ ಮುಚ್ಚಿಕೊಂಡರು. ಸಾಯುವ ಮುನ್ನ, ಬಾಯಿಯವರ ಹೆಸರಿನ ಅಚ್ಚಿರುವ ಈ ಹಾಳೆಯನ್ನು ನನಗೆ ಕೊಟ್ಟರು.

ಢಾಲು ಮೊದಲಿನಿಂದಲೂ ರಾವಬಹಾದ್ದೂರರ ಹೆಸರಿನದೇ ಎನ್ನುತ್ತದೆ ಶಾಲೆಯ ಈಗಿನ ಸ್ಮರಣಸಂಚಿಕೆ. ಶುದ್ಧ ಸುಳ್ಳು. ಹಾಳೆಯ ತಿಥಿಯನ್ನು ಹಳೆಯ ಪಂಚಾಂಗದೊಡನೆ, ಶಾಲೆಯ ಆ ವರ್ಷದ ವರದಿಯೊಡನೆ ಎರಡೆರಡು ಬಾರಿ ತಾಳೆ ನೋಡಿದ್ದೇನೆ. ಅದು ಸಮಾರಂಭಕ್ಕೆ ಹನ್ನೊಂದು ದಿನ ಮೊದಲಿನದು. ಇದನ್ನು ಬರೆದು ಕಳಿಸಿದರೆ ಶಾಲೆಯ ಸಮಿತಿಯಿಂದ ಬಂದ ಉತ್ತರವೇನು? ನನ್ನ ಸಂಶೋಧನಾಸೇವೆಯನ್ನು ಮೆಚ್ಚಿ, ರಾವಬಹಾದ್ದೂರರ ಹೆಸರಿನ ಪುರಸ್ಕಾರವನ್ನು ಈ ವರ್ಷ ನನಗೇ ಕೊಡುತ್ತಾರಂತೆ.

ಬೇಡವೆಂದು ಬರೆದೆ. ಬಾಯಿಯವರ ಹೆಸರನ್ನು ಈ ಬರಹದಲ್ಲಿಯೂ ಅಚ್ಚು ಮಾಡಿಸುವುದಿಲ್ಲ. ಮಾಡಿಸಿದರೆ, ಎಲ್ಲೋ ಒಂದು ಕಡೆ ಬಂತಲ್ಲ ಎಂದು ಸಮಿತಿ ಕೈತೊಳೆದುಕೊಂಡೀತು. ಅದು ಇರಬೇಕಾದ ಜಾಗ ಆ ಢಾಲು. ಕೆತ್ತಿದ ಕೈ ಮಾತ್ರ ಇನ್ನಿಲ್ಲ... ಉಳಿದಿರುವುದು ಈ ಹಾಳೆ. ತಾಳೆ ನೋಡಲೆಂದು ಮುಟ್ಟಿದಾಗಲೆಲ್ಲ ಅದರ ಕಪ್ಪು ಇಷ್ಟಿಷ್ಟೇ ನನ್ನ ಬೆರಳಿಗೆ ಬರುತ್ತಿದೆ.