ಹಾಡು ಕಟ್ಟಿದವಳ ಹೆಸರು

ಶುಕ್ರವಾರ ಮಧ್ಯಾಹ್ನ ಕುವೈತಿನ ರುಮೈಥಿಯಾದ ಆ ಮೂರನೇ ಮಾಳಿಗೆಯ ಮೆಟ್ಟಿಲು ಹತ್ತಿದವರಿಗೆ ಒಳಗಿನಿಂದ ಹಾಡು ಕೇಳುತ್ತಿತ್ತು. ಮನೆ ಡಾರ್ಲೀನ್ ಪೆಟ್ರಿ ಎಂಬ ಅಮೆರಿಕದ ಹೆಂಗಸಿನದು. ಹಾಡು ಮಂಗಳೂರು ಕಡೆಯ ಬ್ಯಾರಿ ಹೆಂಗಸರದು. ಮನೆಗೆಲಸಕ್ಕೆಂದು ಅಲ್ಲಿಗೆ ಬಂದ ಅವರಿಗೆ ಬಿಡುವು ಸಿಗುತ್ತಿದ್ದದ್ದು ಅದೊಂದೇ ಹೊತ್ತು.

ಡಾರ್ಲೀನ್ ಕವಿ. ಹೊಟ್ಟೆಪಾಡಿಗೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಹರೆಯದಲ್ಲಿ ಮಂಗಳೂರಿನಲ್ಲಿದ್ದು ಕನ್ನಡ ಕಲಿತವಳು. ಬ್ಯಾರಿ ಭಾಷೆಯನ್ನು ಈ ಹೆಂಗಸರ ಬಾಯಿಂದಲೇ ಕಲಿತಳು. ಯಾವ ಹಾಡನ್ನಾದರೂ ಇಂಗ್ಲಿಷಿಗೆ ತರುವ ಮೊದಲು ಆ ಹಾಡಿನ ಕೆಲಸವನ್ನು ಮಾಡಿ ನೋಡುವಳು. ಇಸ್ತ್ರಿಯ ಹಾಡಾದರೆ ಇಸ್ತ್ರಿ, ಮೀನಿನ ಹಾಡಾದರೆ ಮೀನು. ಅವಳು ಕೊಯ್ದ ಬಂಗುಡೆ ನೋಡಿ ಆ ಹೆಂಗಸರಲ್ಲೊಬ್ಬಳಾದ ರಶೀದಾ, "ಬೆಕ್ಕು ಅರ್ಧ ತಿಂದು ಬಿಟ್ಟ ಹಾಗುಂಟು ಮೇಡಂ" ಎಂದು ನಗುವಳು.

ಹಾಡುಗಳ ಪುಸ್ತಕ ಮಾಡಲು ಅಮೆರಿಕದ ಪ್ರಕಾಶಕರು ಒಪ್ಪಿದ್ದರು. ಒಂದೇ ಒಂದು ತೊಡಕು. ಹಾಡು ಕಟ್ಟಿದವಳ ಹೆಸರಿಲ್ಲದೆ ಒಂದು ಸಾಲೂ ಅಚ್ಚಾಗಬಾರದೆಂದು ಡಾರ್ಲೀನ್ ಹಟ ಹಿಡಿದಿದ್ದಳು. ಅವಳ ತಾಯಿ ಮೀನಿನ ಡಬ್ಬಿ ತುಂಬುವ ಕಾರ್ಖಾನೆಯವಳು. ಮುಷ್ಕರದ ದಿನ ಆಕೆ ಕಟ್ಟಿದ ಹಾಡು ಊರೂರು ಸುತ್ತಿತು, ಪುಸ್ತಕವನ್ನೂ ಸೇರಿತು. ಅಚ್ಚಾದದ್ದು ಮಾತ್ರ 'ಯಾರೋ ಕಟ್ಟಿದ್ದು' ಎಂದು. ಆ ಪುಟ ತೆರೆದಾಗಲೆಲ್ಲ ತಾಯಿ ಆ ಎರಡು ಪದಗಳನ್ನು ಹೆಬ್ಬೆರಳಿನಿಂದ ಮುಚ್ಚುತ್ತಿದ್ದುದನ್ನು ಮಗಳು ಮರೆತಿರಲಿಲ್ಲ.

ಪುಸ್ತಕದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಆ ಹೆಂಗಸರಲ್ಲಿ ಕದೀಜಾ ಎಂಬವಳ ಹಾಡು.

ಅವರ ಮಗುವಿನ ಅಂಗಿಗೆ ಇಸ್ತ್ರಿ ಹಾಕಿದೆ,
ತೋಳಿನೊಳಗೆ ನನ್ನ ಮಗಳ ಕೈ ಹುಡುಕಿದೆ.

ಹೆಸರು ಹಾಕುತ್ತೇನೆ ಎಂದು ಡಾರ್ಲೀನ್ ಹೇಳಿದಾಗ ಕದೀಜಾ ಕೈ ಅಲ್ಲಾಡಿಸಿಬಿಟ್ಟಳು.

"ಬೇಡ ಮೇಡಂ. ವೀಸಾ ಕೊಟ್ಟು ಕೆಲಸಕ್ಕಿಟ್ಟ ನಮ್ಮ ಕಫೀಲಿನ ಮಕ್ಕಳು ಇಂಗ್ಲಿಷ್ ಓದುವವರು. ಮನೆಯ ಮಾತು ಹೊರಗೆ ಹಾಕಿದ್ದಾಳೆ ಅಂತಾದರೆ ಇಲ್ಲಿ ಇರುವ ಪರ್ಮಿಟ್ಟು, ನನ್ನ ಇಕಾಮಾ, ರದ್ದು ಮಾಡಿ ಊರಿಗೆ ಕಳಿಸ್ತಾರೆ. ಮತ್ತೆ ಖಲಾಸ್."

"ಬೇರೆ ಯಾವುದಾದರೂ ಹೆಸರು ಹಾಕುವುದಾ?"

"ಬೇರೆಯವಳ ಹೆಸರಾದರೆ ಹಾಡು ಬೇರೆಯವಳದ್ದೇ ಆಯಿತಲ್ಲ."

ಅದೂ ಸರಿಯೇ. ಕದೀಜಾಳ ಅನ್ನಕ್ಕೆ ಕಲ್ಲು ಹಾಕುವಂತಿಲ್ಲ, ತನ್ನ ತಾಯಿಗೆ ಆದದ್ದು ಇವಳಿಗೂ ಆಗುವಂತಿಲ್ಲ. ಪುಸ್ತಕವನ್ನೇ ಕೈಬಿಡುವುದೆಂದು ಡಾರ್ಲೀನ್ ಯೋಚಿಸುತ್ತಿದ್ದಾಗ ಅಡುಗೆಮನೆಯಿಂದ ಇನ್ನೊಬ್ಬ ಹಾಡುಗಾತಿ ಸುಬೈದಾ ಕದೀಜಾಳನ್ನು ಕೂಗಿದಳು.

"ಓ ಶಿಫಾನಾಳ ಉಮ್ಮಾ, ಚಾ ಉಕ್ಕಿತು, ಬಾ ಮಾರಾಯ್ತಿ."

ಉಮ್ಮ ಎಂದರೆ ತಾಯಿ. ಡಾರ್ಲೀನ್ ತಲೆ ಎತ್ತಿದಳು. "ಊರಲ್ಲಿ ನಿಮ್ಮನ್ನು ಹೀಗೇ ಕರೆಯುವುದಾ?"

"ಮತ್ತೆ? ಮಗಳು ಹುಟ್ಟಿದ ಮೇಲೆ ನನ್ನನ್ನು ಕದೀಜಾ ಅಂತ ಕರೆದವರು ನೀವು ಮತ್ತು ಪಾಸ್‌ಪೋರ್ಟಿನವರು."

"ಕಫೀಲಿನ ಮನೆಯವರಿಗೆ ಈ ಹೆಸರು ಗೊತ್ತುಂಟಾ?"

"ಅವರಿಗೆ ನಾನು ಕದೀಜಾ. ಮಗಳ ಹೆಸರು ಎಂತ ಅಂತ ಇಷ್ಟರವರೆಗೆ ಕೇಳಲಿಲ್ಲ."

ಆ ಸಂಜೆಯೇ ಡಾರ್ಲೀನ್ ಹಾಡಿನ ಕೆಳಗೆ 'ಶಿಫಾನಾಳ ಉಮ್ಮ' ಎಂದು ಬರೆದು ಕಳುಹಿಸಿದಳು. ಇದು ಸಂಬಂಧವೇ ಹೊರತು ಹೆಸರಲ್ಲ, ಓದುವವರಿಗೆ ಗೊತ್ತಾಗದು ಎಂದು ಪ್ರಕಾಶಕರು ತಕರಾರು ತೆಗೆದರು. ಅವಳ ಊರಿಗೆ ಊರೇ ಈ ಹೆಸರಿನಿಂದ ಅವಳನ್ನು ಗುರುತಿಸುತ್ತದೆ, ಉಳಿದವರಿಗೆ ಅರ್ಥ ಹೇಳುವುದು ನನ್ನ ಕೆಲಸ, ಹೆಸರಿಲ್ಲದಿದ್ದರೆ ಪುಸ್ತಕವೂ ಇಲ್ಲ ಎಂದು ಡಾರ್ಲೀನ್ ಉತ್ತರ ಕೊಟ್ಟಳು. ವಾರಗಟ್ಟಲೆ ಸುದ್ದಿಯಿಲ್ಲ. ಕೊನೆಗೆ ಅವರೇ ಮಣಿದರು. ಅಷ್ಟೂ ಹಾಡುಗಳು ಒಬ್ಬೊಬ್ಬ ಉಮ್ಮನ ಹೆಸರಿನಲ್ಲಿ ಅಚ್ಚಾದವು.

ಪುಸ್ತಕ ಬಂದ ಶುಕ್ರವಾರ ಕದೀಜಾ ಊರಿಗೆ ವಿಡಿಯೋ ಕರೆ ಮಾಡಿ ತನ್ನ ಪುಟವನ್ನು ತೆರೆದು ಹಿಡಿದಳು. ಉಳ್ಳಾಲದ ಮನೆಯಲ್ಲಿ ಶಿಫಾನಾ ಹಾಡನ್ನೂ ಅದರ ಕೆಳಗಿನ ಹೆಸರನ್ನೂ ಗಟ್ಟಿಯಾಗಿ ಓದಿ ಮುಗಿಸುವಷ್ಟರಲ್ಲಿ ಆಚೆಮನೆಯ ಹೆಂಗಸರೆಲ್ಲ ಪರದೆಯೊಳಗೆ ಮುಖ ತೂರಿಸಿ, "ಇದು ನಮ್ಮ ಶಿಫಾನಾಳ ಉಮ್ಮನದ್ದೇ" ಎನ್ನತೊಡಗಿದ್ದರು.

"ಹಾಡು ನಿಮ್ಮದು, ಹೆಸರು ನನ್ನದು. ಒಳ್ಳೆ ಲಾಭ ಆಯಿತು ನನಗೆ," ಎಂದಳು ಮಗಳು.

"ಆ ಹೆಸರು ಇಟ್ಟದ್ದು ಯಾರು? ನಾನೇ ಅಲ್ವಾ," ಎಂದಳು ಕದೀಜಾ. ಡಾರ್ಲೀನಳ ತೋಳು ಹಿಡಿದು ಫೋನಿನ ಮುಂದಕ್ಕೆ ಎಳೆದುಕೊಂಡಳು.